80 ಡಾಲರಿನ ಹಲ್ಲು: ಡಿಮಾಂಟೆ ಡ್ರೈವರ್ ಪ್ರಕರಣ

ಹಲ್ಲು ನೋವಿನಿಂದ ಯಾರಾದರೂ ಸಾಯುತ್ತಾರಾ ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ನಕ್ಕುಬಿಡುತ್ತಾರೆ. ಸಾಯುತ್ತಾರೆ. 2007ರ ಫೆಬ್ರವರಿ 25, ಭಾನುವಾರ, ಅಮೆರಿಕದಲ್ಲಿ ಡಿಮಾಂಟೆ ಡ್ರೈವರ್ ಎಂಬ 12 ವರ್ಷದ ಹುಡುಗ ಸತ್ತ. ಏಳನೇ ಕ್ಲಾಸಿನ ಹುಡುಗ. ರಾಜಧಾನಿ ವಾಷಿಂಗ್ಟನ್‌ಗೆ ಅಂಟಿಕೊಂಡೇ ಇರುವ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯವನು. ಅವನ ಬಾಯಲ್ಲಿದ್ದ ಒಂದು ಹುಳುಕು ಹಲ್ಲಿನ ಸೋಂಕು ಮಿದುಳಿಗೆ ಹತ್ತಿತ್ತು. ಆ ಹಲ್ಲನ್ನು ಸಮಯಕ್ಕೆ ಕೀಳಿಸಿದ್ದರೆ ಆಗುತ್ತಿದ್ದ ಖರ್ಚು 80 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು ಮೂರೂವರೆ ಸಾವಿರ ರೂಪಾಯಿ.

ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಮೇರಿ ಆಟೊ ಇದನ್ನು ವರದಿ ಮಾಡಿದರು. ಕೆಲವೇ ತಿಂಗಳಲ್ಲಿ ಅಮೆರಿಕದ ಸಂಸತ್ತಿನಲ್ಲಿ ವಿಚಾರಣೆ ನಡೆಯಿತು. ಹಾಗಾಗಿ ಬಡವರ ಮನೆಯ ಹುಡುಗನೊಬ್ಬನ ಸಾವಿನ ಬಗ್ಗೆ ಸಾಮಾನ್ಯವಾಗಿ ಯಾರಿಗೂ ಸಿಗದಷ್ಟು ವಿವರ ಇಲ್ಲಿ ಸಿಗುತ್ತದೆ, ಯಾವ ದಿನ ಏನಾಯಿತು, ಯಾರು ಯಾರಿಗೆ ಫೋನ್ ಮಾಡಿದರು, ಯಾವ ಅರ್ಜಿ ಎಲ್ಲಿ ಕಳೆದುಹೋಯಿತು ಅನ್ನುವ ತನಕ. "ಬಾಯಿಯ ಆರೋಗ್ಯವೇ ದೇಹದ ಆರೋಗ್ಯ" ಅನ್ನುವ ಪೋಸ್ಟರ್ ಆಸ್ಪತ್ರೆ ಗೋಡೆ ಮೇಲೆ ಇರುತ್ತದೆ, ಯಾರೂ ಓದಲ್ಲ. ಒಂದೇ ಒಂದು ಮನೆಯಲ್ಲಿ ಏನೇನಾಯಿತು ಅಂತ ನೋಡಿದರೆ ಆ ಮಾತಿನ ಅರ್ಥ ಬೇರೆಯೇ ಆಗುತ್ತದೆ.

ಎಲ್ಲರ ಗಮನ ತಮ್ಮನ ಮೇಲಿತ್ತು

ಮೊದಲು ಒಂದು ವಿಷಯ. ಈ ಮನೆಯಲ್ಲಿ ಹಲ್ಲಿನ ತೊಂದರೆ ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಅದು ಡಿಮಾಂಟೆಯ ಹಲ್ಲು ಅಂತ ಯಾರಿಗೂ ಗೊತ್ತಿರಲಿಲ್ಲ.

ತಾಯಿ ಆಲಿಸ್ ಡ್ರೈವರ್ ಬೇಕರಿಯಲ್ಲಿ, ಕಟ್ಟಡ ಕೆಲಸದಲ್ಲಿ, ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ದುಡಿದವರು. ಇಂಥ ಯಾವ ಕೆಲಸದಲ್ಲೂ ಅವರಿಗೆ ಆರೋಗ್ಯ ವಿಮೆ ಸಿಕ್ಕಿರಲಿಲ್ಲ. ಮಕ್ಕಳಿಗೆ ಮಾತ್ರ ಮೆಡಿಕೇಡ್ ಇತ್ತು. ಮೆಡಿಕೇಡ್ ಅಂದರೆ ಬಡವರಿಗಾಗಿ ಅಲ್ಲಿನ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸೇರಿ ನಡೆಸುವ ಆರೋಗ್ಯ ವಿಮೆ, ನಮ್ಮ ಬಿಪಿಎಲ್ ಕಾರ್ಡಿನ ಮೇಲೆ ಸಿಗುವ ಚಿಕಿತ್ಸೆ ಇದ್ದ ಹಾಗೆ ಅಂದುಕೊಳ್ಳಿ. ಮನೆ ಇಲ್ಲದೆ ಕೆಲಕಾಲ ಅವರು ನಿರಾಶ್ರಿತರ ಶೆಲ್ಟರಿನಲ್ಲೂ ಇದ್ದರು.

ಡಿಮಾಂಟೆಯ ತಮ್ಮ ಡಾಶಾನ್‌ಗೆ 10 ವರ್ಷ. ಅವನ ಬಾಯಲ್ಲಿ ಆರು ಹಲ್ಲು ಹಾಳಾಗಿದ್ದವು. ನೋವು, ಊತ, ಅಳು. ಒಬ್ಬ ದಂತವೈದ್ಯರು ಅವನನ್ನು ನೋಡುತ್ತಿದ್ದರು, ಆಮೇಲೆ ನಿಲ್ಲಿಸಿಬಿಟ್ಟರು. ಕಾರಣ, ಹುಡುಗ ಕುರ್ಚಿಯಲ್ಲಿ ಸುಮ್ನೆ ಕೂರಲ್ಲ, ಒದ್ದಾಡುತ್ತಾನೆ. ಆರು ಹಲ್ಲು ಕೊಳೆತಿರುವ ಹುಡುಗ ಒದ್ದಾಡದೆ ಇನ್ನೇನು ಮಾಡುತ್ತಾನೆ ಅಂತ ನನಗಂತೂ ಗೊತ್ತಿಲ್ಲ.

ಅಲ್ಲಿಂದ ಬೇರೆ ಡಾಕ್ಟರನ್ನು ಹುಡುಕುವ ಕೆಲಸ ಶುರುವಾಯಿತು. ತಾಯಿಯ ಕೈಲಿ ಆಗಲಿಲ್ಲ. ಬಾಲ್ಟಿಮೋರ್‌ನ ಪಬ್ಲಿಕ್ ಜಸ್ಟಿಸ್ ಸೆಂಟರ್ ಎಂಬ ಸಂಸ್ಥೆಯ ವಕೀಲೆ ಲಾರಿ ನಾರಿಸ್ ಸಹಾಯಕ್ಕೆ ಬಂದರು. ಮೆಡಿಕೇಡ್ ಪಟ್ಟಿಯಲ್ಲಿದ್ದ ಡಾಕ್ಟರುಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದರೆ ಒಂದೇ ಉತ್ತರ: ನಾವು ಮೆಡಿಕೇಡ್ ತೆಗೆದುಕೊಳ್ಳಲ್ಲ. ನಾರಿಸ್ ಆಮೇಲೆ ಸಂಸತ್ತಿನ ಸಮಿತಿಯ ಮುಂದೆ ಇದನ್ನು ಲೆಕ್ಕ ಹಾಕಿಯೇ ಹೇಳಿದರು. ವಿಮೆ ಇರುವ ಒಂದೇ ಒಂದು ಮಗುವಿಗೆ ಒಂದೇ ಒಂದು ಅಪಾಯಿಂಟ್‌ಮೆಂಟ್ ಕೊಡಿಸಲು ಒಬ್ಬ ತಾಯಿ, ಒಬ್ಬ ವಕೀಲೆ, ಸಹಾಯವಾಣಿಯ ಒಬ್ಬ ಮೇಲ್ವಿಚಾರಕಿ, ಜೊತೆಗೆ ಆರೋಗ್ಯ ಇಲಾಖೆ ಮತ್ತು ವಿಮಾ ಕಡೆಯ ಮೂವರು ಸಿಬ್ಬಂದಿ ಬೇಕಾದರು.

2006ರ ಅಕ್ಟೋಬರ್‌ನಲ್ಲಿ ಅಂತೂ ಒಬ್ಬರು ಡಾಶಾನ್‌ನ ಬಾಯಿ ನೋಡಿದರು. ನೋಡಿ, ಇದಕ್ಕೆ ಸರ್ಜನ್ ಬೇಕು ಅಂದರು. ಮತ್ತೆ ಹುಡುಕಾಟ. ನವೆಂಬರ್ ಕೊನೆಯ ಹೊತ್ತಿಗೆ ಸರ್ಜನ್ ಸಿಕ್ಕರು. ಹಲ್ಲು ಕೀಳುವುದಕ್ಕೆ ಕೊಟ್ಟ ದಿನ ಜನವರಿ ಮಧ್ಯದ್ದು. ಜನವರಿಯಲ್ಲಿ ನೋಡಿದರೆ ಮಕ್ಕಳ ಮೆಡಿಕೇಡ್ ರದ್ದಾಗಿದೆ! ನವೀಕರಣದ ಕಾಗದಗಳು ಅವರು ಆಗಲೇ ಬಿಟ್ಟುಬಂದಿದ್ದ ಶೆಲ್ಟರಿನ ವಿಳಾಸಕ್ಕೆ ಹೋಗಿರಬೇಕು ಅನ್ನುವುದು ತಾಯಿಯ ಊಹೆ. ನಮ್ಮಲ್ಲಿ ರೇಷನ್ ಕಾರ್ಡಿನ ಇ-ಕೆವೈಸಿಗೆ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೊತ್ತೂ ಡಿಮಾಂಟೆ ಹಲ್ಲಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ತಲೆನೋವು ಅಂತ ಬಂದ

2007ರ ಜನವರಿ 11. ಡಿಮಾಂಟೆ ಶಾಲೆಯಿಂದ ಬಂದವನು ತಲೆನೋವು ಅಂದ. ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ತಲೆನೋವಿಗೆ, ಸೈನಸ್‌ಗೆ, ಮತ್ತು ಹಲ್ಲಿನ ಕೀವಿಗೆ ಔಷಧಿ ಕೊಟ್ಟು ಮನೆಗೆ ಕಳಿಸಿದರು. ಈ ಮೂರು ಔಷಧಿಗಳ ಪಟ್ಟಿ ಓದುವಾಗ ಮೈ ಜುಮ್ಮೆನ್ನುತ್ತದೆ. ಮೂರೂ ಒಂದೇ ಕಾಯಿಲೆಯ ಮೂರು ನಿಲ್ದಾಣಗಳು ಅಂತ ಈಗ ನಮಗೆ ಗೊತ್ತು. ಹಲ್ಲು, ಸೈನಸ್, ತಲೆ. ಸೋಂಕು ಬಂದ ದಾರಿಯೇ ಚೀಟಿಯ ಮೇಲಿತ್ತು.

ಮರುದಿನ ಹುಡುಗನ ಸ್ಥಿತಿ ಇನ್ನೂ ಕೆಟ್ಟಿತು. ವಾಷಿಂಗ್ಟನ್‌ನ ಮಕ್ಕಳ ಆಸ್ಪತ್ರೆಗೆ ಒಯ್ದು ತುರ್ತಾಗಿ ಮಿದುಳಿನ ಆಪರೇಷನ್ ಮಾಡಿದರು. ಆಮೇಲೆ ಫಿಟ್ಸ್ ಬರತೊಡಗಿತು. ಎರಡನೇ ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿದ್ದಾಗಲೇ ಆ ಹಲ್ಲನ್ನೂ ಕಿತ್ತರು. ಇಷ್ಟು ದಿನ ಯಾರೂ ಕೀಳದ ಹಲ್ಲು ತಲೆಬುರುಡೆ ತೆರೆಯುವ ಹೊತ್ತಿಗೆ ಬಾಯಿಂದ ಹೊರಗೆ ಬಂತು.

ಎರಡು ವಾರಕ್ಕೂ ಹೆಚ್ಚು ಕಾಲ ಅಲ್ಲಿದ್ದು, ಆಮೇಲೆ ಇನ್ನೊಂದು ಆಸ್ಪತ್ರೆಗೆ ಬಂದ. ಚೇತರಿಸಿಕೊಳ್ಳುತ್ತಿದ್ದಾನೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಫಿಸಿಯೋಥೆರಪಿ ನಡೆಯುತ್ತಿತ್ತು. ಶಾಲೆಯ ಪಾಠ ಮಾಡಿಕೊಳ್ಳುತ್ತಿದ್ದ. ಟೀಚರುಗಳು ಬಂದು ನೋಡಿಕೊಂಡು ಹೋಗುತ್ತಿದ್ದರು. ಫೆಬ್ರವರಿ 24ರಂದು ಊಟ ಬೇಡ ಅಂದ. ಆದರೂ ಖುಷಿಯಾಗಿದ್ದ. ಅಮ್ಮನ ಜೊತೆ ಇಸ್ಪೀಟ್ ಆಡಿದ, ಟಿವಿ ನೋಡಿದ. ಅಮ್ಮ ಹೊರಟುಹೋದ ಮೇಲೆ ತಾನೇ ಅವರಿಗೆ ಫೋನ್ ಮಾಡಿ, ಮಲಗೋ ಮುಂಚೆ ಮರೀದೆ ಪ್ರಾರ್ಥನೆ ಮಾಡು ಅಂತ ಹೇಳಿದ. ಬೆಳಿಗ್ಗೆ ಹುಡುಗನಿಗೆ ಎಚ್ಚರವೇ ಇಲ್ಲ ಅಂತ ಅವರಿಗೆ ಫೋನ್ ಬಂತು. ಅವರು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಆರು ವಾರಗಳ ಆಸ್ಪತ್ರೆ ಬಿಲ್ಲು ಎರಡರಿಂದ ಎರಡೂವರೆ ಲಕ್ಷ ಡಾಲರ್ ಆಗಬಹುದು ಅಂತ ಅಂದಾಜು. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದು ಕೋಟಿ ರೂಪಾಯಿ. 80 ಡಾಲರಿನಿಂದ ಭಾಗಿಸಿ ನೋಡಿ. ಆ ಒಂದು ಬಿಲ್ಲಿನಲ್ಲಿ ಎರಡೂವರೆಯಿಂದ ಮೂರು ಸಾವಿರ ಮಕ್ಕಳ ಹುಳುಕು ಹಲ್ಲು ಕೀಳಿಸಬಹುದಿತ್ತು. ಉಳಿತಾಯ ಮಾಡುತ್ತೇವೆ ಅಂತ ಹಲ್ಲಿನ ಚಿಕಿತ್ಸೆಗೆ ದುಡ್ಡು ಕಡಿಮೆ ಮಾಡಿದ ವ್ಯವಸ್ಥೆಯ ಲೆಕ್ಕ ಇದು.

ಕೀವು ಹಲ್ಲಿನಿಂದ ಮಿದುಳಿಗೆ ಹೋಗುವುದು ಹೇಗೆ

ಇಲ್ಲಿ ಸ್ವಲ್ಪ ನಿಲ್ಲೋಣ. ಹಲ್ಲೆಲ್ಲಿ, ಮಿದುಳೆಲ್ಲಿ ಅಂತ ಅನ್ನಿಸುತ್ತದೆ ಅಲ್ವಾ? ನಿಮ್ಮ ಹೆಬ್ಬೆರಳನ್ನು ಮೇಲಿನ ದವಡೆ ಹಲ್ಲಿನ ಮೇಲಿಟ್ಟು ತೋರುಬೆರಳನ್ನು ಕಣ್ಣಿನ ಕೆಳಗಿನ ಮೂಳೆಯ ಮೇಲೆ ಇಡಿ. ಎರಡರ ನಡುವಿನ ಜಾಗ ಪೂರ್ತಿ ಗಟ್ಟಿ ಮೂಳೆಯಲ್ಲ. ಅಲ್ಲೊಂದು ಟೊಳ್ಳು ಕೋಣೆ ಇದೆ, ಅದೇ ಕೆನ್ನೆಯ ಸೈನಸ್. ಮೇಲಿನ ದವಡೆ ಹಲ್ಲುಗಳ ಬೇರು ಈ ಕೋಣೆಯ ನೆಲಕ್ಕೆ ತಾಗಿಕೊಂಡೇ ಇರುತ್ತವೆ. ಕೆಲವರಲ್ಲಿ ಬೇರಿಗೂ ಸೈನಸ್‌ಗೂ ನಡುವೆ ತೆಳ್ಳಗಿನ ಪೊರೆಯಷ್ಟೇ ಇರುತ್ತದೆ. ಅದಕ್ಕೇ ಜೋರು ನೆಗಡಿಯಾದಾಗ ಮೇಲಿನ ಹಲ್ಲು ನೋಯುವುದು, ಮತ್ತು ಎಷ್ಟೋ ಸಲ ವಾಸಿಯೇ ಆಗದ ಸೈನಸ್ ತೊಂದರೆಗೆ ಹುಳುಕು ಹಲ್ಲು ಕಾರಣವಾಗಿರುವುದು.

ಹುಳುಕು ಅಂದರೆ ಹುಳ ಅಲ್ಲ, ಗೊತ್ತಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು ಆಮ್ಲ ಉಗುಳುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತಾ ಹೋಗುತ್ತದೆ. ಮೊದಲು ಕಪ್ಪು ಚುಕ್ಕೆ, ಆಮೇಲೆ ಗುಂಡಿ. ಅಷ್ಟರ ತನಕ ನೋವಿಲ್ಲ. ಇನ್ನೂ ಒಳಗೆ ಹೋಗಿ ನರ ಮತ್ತು ರಕ್ತನಾಳ ಇರುವ ತಿರುಳಿಗೆ ಸೋಂಕು ತಗುಲಿದರೆ ಆಗ ಗೋಡೆಗೆ ತಲೆ ಚಚ್ಚಿಕೊಳ್ಳುವಂಥ ನೋವು. ಸುತ್ತ ಗಟ್ಟಿ ಹಲ್ಲು, ಒಳಗಿನ ತಿರುಳು ಊದಿಕೊಳ್ಳಲು ಜಾಗವಿಲ್ಲ. ಒತ್ತಡ ಹೆಚ್ಚಿ ರಕ್ತ ಹರಿಯುವುದು ನಿಲ್ಲುತ್ತದೆ, ತಿರುಳು ಸಾಯುತ್ತದೆ.

ತಿರುಳು ಸತ್ತ ಮೇಲೆ ನೋವು ನಿಲ್ಲುತ್ತದೆ.

ಇಡೀ ಪ್ರಕರಣದಲ್ಲಿ ನಾನು ಎಲ್ಲರಿಗೂ ಹೇಳಬೇಕು ಅಂದುಕೊಂಡಿರುವ ಒಂದು ಸಂಗತಿ ಇದ್ದರೆ ಇದೇ. "ಎರಡು ದಿನ ತುಂಬಾ ನೋಯ್ತು, ಲವಂಗ ಇಟ್ಕೊಂಡೆ, ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ತಗೊಂಡೆ, ಈಗ ಆರಾಮ" ಅನ್ನುವ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲ ಕೇಳಿಲ್ಲ? ಎಷ್ಟೋ ಸಲ ಅದು ವಾಸಿಯಾದ ಲಕ್ಷಣ ಆಗಿರುವುದಿಲ್ಲ. ಎಚ್ಚರಿಸುವ ನರ ಸತ್ತಿದೆ ಅಷ್ಟೇ. ಸತ್ತ ತಿರುಳಿನಲ್ಲಿ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆಯುತ್ತಾ ಬೇರಿನ ತುದಿಯಿಂದ ಮೂಳೆಯೊಳಗೆ ಇಳಿದು ಅಲ್ಲಿ ಕೀವು ಕಟ್ಟುತ್ತವೆ. ವಸಡಿನ ಮೇಲೆ ಸಣ್ಣ ಗುಳ್ಳೆಯಾಗಿ ಒಡೆದು ಕೀವು ಹೊರಗೆ ಬಂದರೆ ಒಂದು ಲೆಕ್ಕಕ್ಕೆ ಪುಣ್ಯ. ಹೊರಗೆ ದಾರಿ ಸಿಗದಿದ್ದರೆ ಅದು ಒಳಗೇ ದಾರಿ ಮಾಡಿಕೊಳ್ಳುತ್ತದೆ. ಡಿಮಾಂಟೆ ಹಲ್ಲು ನೋವು ಅಂತ ಯಾವತ್ತೂ ಹೇಳಿರಲಿಲ್ಲ ಅಂತ ಅವನ ತಾಯಿ ಹೇಳಿದ್ದಾರೆ.

ಮೇಲಿನ ದವಡೆಯಿಂದ ಕೀವು ಸೈನಸ್‌ಗೆ ಹೋಗಬಹುದು. ಇನ್ನೊಂದು ದಾರಿ ರಕ್ತನಾಳಗಳದ್ದು. ಮುಖದ ಮತ್ತು ತಲೆಬುರುಡೆಯ ಮೂಳೆಗಳೊಳಗಿನ ಅಭಿಧಮನಿಗಳಲ್ಲಿ ಎಷ್ಟೋ ಕಡೆ ಕವಾಟ ಇರುವುದಿಲ್ಲ. ಕೈಕಾಲಿನಲ್ಲಿ ಕವಾಟಗಳಿರುವುದರಿಂದ ರಕ್ತ ಒಂದೇ ದಿಕ್ಕಿಗೆ ಹೋಗುತ್ತದೆ. ಇಲ್ಲಿ ಹಾಗಲ್ಲ, ಸೋಂಕು ಹಿಂದಕ್ಕೂ ಹರಿಯಬಹುದು, ಅಂದರೆ ಮಿದುಳಿನ ಕಡೆಗೂ. ಹಾಗೆ ಹೋದರೆ ಮಿದುಳಿನ ಪೊರೆಗಳ ನಡುವೆ ಕೀವು ಕಟ್ಟಿಕೊಳ್ಳುತ್ತದೆ. ತಲೆನೋವು, ಜ್ವರ, ವಾಂತಿ, ಫಿಟ್ಸ್, ಮಂಪರು ಆಮೇಲಿನ ಕಥೆ.

ಕೆಳಗಿನ ದವಡೆಯದ್ದು ಇನ್ನೊಂದು ರೀತಿ. ಅಲ್ಲಿಂದ ಕೀವು ನಾಲಿಗೆಯ ಅಡಿಗೆ, ಗಲ್ಲದ ಕೆಳಗೆ, ಕುತ್ತಿಗೆಗೆ ಇಳಿಯುತ್ತದೆ. ನಾಲಿಗೆ ಮೇಲೆದ್ದು ಉಸಿರಾಟದ ದಾರಿ ಮುಚ್ಚಿಹೋಗಬಹುದು. 1836ರಲ್ಲಿ ಜರ್ಮನ್ ವೈದ್ಯ ಲುಡ್ವಿಗ್ ಇದನ್ನು ವಿವರಿಸಿದ್ದರಿಂದ ಇದಕ್ಕೆ ಇವತ್ತಿಗೂ ಲುಡ್ವಿಗ್ಸ್ ಆಂಜೈನಾ ಅಂತಲೇ ಹೆಸರು. ಬಾಯಿ ತೆರೆಯಲು ಆಗುತ್ತಿಲ್ಲ, ಎಂಜಲು ನುಂಗಲು ಆಗುತ್ತಿಲ್ಲ, ಕಣ್ಣಿನ ರೆಪ್ಪೆ ತನಕ ಅಥವಾ ಕುತ್ತಿಗೆ ತನಕ ಊತ, ಜೊತೆಗೆ ಜ್ವರ. ಇಂಥದ್ದು ಕಂಡರೆ ನಾಳೆ ಕ್ಲಿನಿಕ್ ತೆಗೆಯಲಿ ಅಂತ ಕಾಯಬಾರದು, ರಾತ್ರಿಯಾದರೂ ದೊಡ್ಡಾಸ್ಪತ್ರೆಗೆ ಹೋಗಬೇಕು.

ಮತ್ತೆ, ಬರೀ ಆ್ಯಂಟಿಬಯಾಟಿಕ್ ಮಾತ್ರೆ ಸಾಕಾಗುವುದಿಲ್ಲ ಏಕೆ ಅನ್ನುವುದೂ ಇದರಲ್ಲೇ ಇದೆ. ಮಾತ್ರೆ ರಕ್ತದ ಮೂಲಕ ಹೋಗಬೇಕು. ಸತ್ತ ತಿರುಳಿಗೆ ರಕ್ತವೇ ಹೋಗುವುದಿಲ್ಲ. ಹಾಗಾಗಿ ಮಾತ್ರೆ ಊತವನ್ನು ತಾತ್ಕಾಲಿಕವಾಗಿ ಇಳಿಸುತ್ತದೆ, ಮೂಲ ಹಾಗೇ ಇರುತ್ತದೆ. ಕೀವು ಹೊರಗೆ ಬರಬೇಕು, ಒಂದೋ ರೂಟ್ ಕೆನಾಲ್ ಆಗಬೇಕು, ಇಲ್ಲವೇ ಹಲ್ಲು ಕೀಳಿಸಬೇಕು.

ಕಾರ್ಡು ಇತ್ತು, ಡಾಕ್ಟರ್ ಇರಲಿಲ್ಲ

ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುವ ಗಾದೆ ಈ ವಿಷಯಕ್ಕೆ ಸ್ವಲ್ಪ ವಿಚಿತ್ರವಾಗಿಯೇ ಹೊಂದುತ್ತದೆ. ಬಡ ಮಕ್ಕಳಿಗೆ ಹಲ್ಲಿನ ಚಿಕಿತ್ಸೆ ಕೊಡಬೇಕು ಅನ್ನುವುದು ಅಮೆರಿಕದ ಮೆಡಿಕೇಡ್ ಕಾನೂನಿಗೆ 1960ರ ದಶಕದ ಕೊನೆಯಲ್ಲೇ ಸೇರಿತ್ತು. ಕಾಗದದ ಮೇಲೆ ಡಿಮಾಂಟೆಗೆ, ಡಾಶಾನ್‌ಗೆ ಆ ಹಕ್ಕು ಹುಟ್ಟಿನಿಂದ ಇತ್ತು. ಆದರೆ ಮೇರಿಲ್ಯಾಂಡಿನ ಸುಮಾರು 5,500 ದಂತವೈದ್ಯರಲ್ಲಿ ಮೆಡಿಕೇಡ್ ಒಪ್ಪಿಕೊಳ್ಳುತ್ತಿದ್ದವರು ಸುಮಾರು 900 ಜನ. ಸರ್ಕಾರ ಕೊಡುವ ದರ ತೀರಾ ಕಡಿಮೆ, ಫಾರಂ ತುಂಬುವ ರಗಳೆ ಜಾಸ್ತಿ, ರೋಗಿಗಳು ಹೇಳಿದ ದಿನ ಬರಲ್ಲ ಅನ್ನುವುದು ಡಾಕ್ಟರುಗಳ ವಾದ. ಬಸ್ಸು ಸರಿಯಾಗಿ ಇಲ್ಲದ ಕಡೆ, ರಜೆ ಹಾಕಿದರೆ ಸಂಬಳ ಹೋಗುವ ತಾಯಿ, ಐದಾರು ಕಡೆ ಅಲೆದು ಹೇಳಿದ ದಿನ ಬರಲಾಗದಿದ್ದರೆ ಅದಕ್ಕೆ ಏನನ್ನೋಣ? 2005ರಲ್ಲಿ ಆ ರಾಜ್ಯದ ಮೆಡಿಕೇಡ್ ಮಕ್ಕಳಲ್ಲಿ ಹುಳುಕಿಗೆ ಫಿಲ್ಲಿಂಗ್‌ನಂಥ ಚಿಕಿತ್ಸೆ ಪಡೆದವರು ನೂರಕ್ಕೆ 16ಕ್ಕಿಂತ ಕಡಿಮೆ.

ಸಂಸತ್ತಿನ ಸಮಿತಿ ಕೆದಕಿದಾಗ ಇನ್ನೊಂದು ಸಂಗತಿ ಹೊರಬಂತು. ಡಿಮಾಂಟೆಯ ಮನೆಯವರಿದ್ದ ವಿಮಾ ಯೋಜನೆಯ ದಾಖಲೆಯಲ್ಲೇ 10,000ಕ್ಕೂ ಹೆಚ್ಚು ಮೇರಿಲ್ಯಾಂಡ್ ಮಕ್ಕಳು ಸತತ ನಾಲ್ಕು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಲ್ಲಿನ ಡಾಕ್ಟರ ಮುಖ ಕಂಡಿರಲಿಲ್ಲ. ಅಂದರೆ ಇದು ಒಂದು ಮನೆಯ ದುರದೃಷ್ಟವಲ್ಲ.

ಇದು ನಡೆದ ಜಾಗವನ್ನೂ ನೋಡಿ. ಜಗತ್ತಿನ ಮೊದಲ ದಂತವೈದ್ಯಕೀಯ ಕಾಲೇಜು ಶುರುವಾದದ್ದು 1840ರಲ್ಲಿ, ಇದೇ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್‌ನಲ್ಲಿ. ಹೊರೇಸ್ ಹೇಡನ್ ಮತ್ತು ಚಾಪಿನ್ ಹ್ಯಾರಿಸ್ ಅದನ್ನು ಕಟ್ಟಿದರು. ಅವರು ಮೊದಲು ಅಲ್ಲಿನ ಮೆಡಿಕಲ್ ಕಾಲೇಜಿನ ಬಾಗಿಲು ತಟ್ಟಿ, ಹಲ್ಲಿನ ವಿದ್ಯೆಯನ್ನೂ ನಿಮ್ಮಲ್ಲೇ ಕಲಿಸಿ ಅಂದರೆಂದೂ, ಮೆಡಿಕಲ್ ಕಾಲೇಜಿನವರು ಬೇಡ ಅಂದರೆಂದೂ ಒಂದು ಕಥೆ ಇದೆ. ಅದಕ್ಕೆ ಗಟ್ಟಿ ದಾಖಲೆ ಇಲ್ಲ ಅನ್ನುವ ಇತಿಹಾಸಕಾರರೂ ಇದ್ದಾರೆ. ಕಥೆ ಏನೇ ಇರಲಿ, ಆದದ್ದು ಇಷ್ಟು: ಹಲ್ಲಿನವರು ಬೇರೆ, ವೈದ್ಯರು ಬೇರೆ. ಓದು ಬೇರೆ, ಡಿಗ್ರಿ ಬೇರೆ, ಆಸ್ಪತ್ರೆ ಬೇರೆ, ಕೊನೆಗೆ ವಿಮೆಯೂ ಬೇರೆ. 1965ರಲ್ಲಿ ಅಮೆರಿಕ ವಯಸ್ಸಾದವರಿಗೆ ಮೆಡಿಕೇರ್ ತಂದಾಗಲೂ ಹಲ್ಲಿನ ಸಾಮಾನ್ಯ ಚಿಕಿತ್ಸೆಯನ್ನು ಹೊರಗೇ ಇಟ್ಟಿತು. ಡಿಮಾಂಟೆಯ ವಿಷಯದಲ್ಲಿ ಮಿದುಳಿನ ಸರ್ಜರಿಗೆ ಕೆಲವೇ ಗಂಟೆಯಲ್ಲಿ ಡಾಕ್ಟರುಗಳ ತಂಡ ಸಿದ್ಧವಾಯಿತು. ಅವನ ತಮ್ಮನ ಹಲ್ಲು ಕೀಳುವುದಕ್ಕೆ ತಿಂಗಳುಗಟ್ಟಲೆ ಒಬ್ಬರೂ ಸಿಗಲಿಲ್ಲ.

ನಾವು ನಗುವ ಹಾಗೇನೂ ಇಲ್ಲ. ನಮ್ಮ ಸಾಮಾನ್ಯ ಆರೋಗ್ಯ ವಿಮೆ ಪಾಲಿಸಿ ತೆಗೆದು ನೋಡಿ. ಅಪಘಾತದಲ್ಲಿ ಏಟಾಗಿ ಅಡ್ಮಿಟ್ ಆದರೆ ಹಲ್ಲಿಗೆ ದುಡ್ಡು, ಇಲ್ಲದಿದ್ದರೆ ಇಲ್ಲ ಅಂತಲೇ ಹೆಚ್ಚಿನವುಗಳಲ್ಲಿ ಬರೆದಿರುತ್ತದೆ. ದೇಶದಲ್ಲಿ 300ಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ, ಕರ್ನಾಟಕದಲ್ಲಂತೂ ಊರಿಗೊಂದು ಅನ್ನುವ ಹಾಗಿವೆ. ಆದರೂ ಹಳ್ಳಿಯಲ್ಲಿ ಹಲ್ಲು ನೋವಿಗೆ ಮೊದಲ ಡಾಕ್ಟರು ಮೆಡಿಕಲ್ ಶಾಪಿನ ಹುಡುಗನೇ. ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲಿನ ವಿಭಾಗ ಇರುತ್ತದೆ, ಡೆಂಟಲ್ ಕಾಲೇಜುಗಳಲ್ಲಿ ಕಡಿಮೆ ದುಡ್ಡಿಗೆ ಕೀಳುತ್ತಾರೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಗೊತ್ತಿದ್ದರೂ ಇನ್ನೊಂದು ಅಡ್ಡಿ ಇದೆ: ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತೆ ಅನ್ನುವ ನಂಬಿಕೆ. ಹಲ್ಲಿನ ನರಕ್ಕೂ ನೋಟದ ನರಕ್ಕೂ ಸಂಬಂಧವಿಲ್ಲ. ಕೀಳಿಸದೆ ಕೀವು ಕಟ್ಟಿದರೆ ಮಾತ್ರ ಕಣ್ಣಿನ ಗೂಡಿನ ತನಕ ಸೋಂಕು ಹರಡಬಹುದು. ಅಜ್ಜಿಯರು ಹೇಳಿದ್ದಕ್ಕೆ ಸರಿಯಾಗಿ ತಿರುಗುಮುರುಗು.

ಮಕ್ಕಳದ್ದಾದರೆ "ಹಾಲುಹಲ್ಲು ತಾನೇ, ಹೇಗಿದ್ರೂ ಬೀಳುತ್ತೆ ಬಿಡು". ಇದರಲ್ಲಿ ಒಂದು ಗುಟ್ಟಾದ ಅಪಾಯ ಇದೆ. ಸುಮಾರು ಆರನೇ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ ಹೊಸದಾಗಿ ಒಂದೊಂದು ದವಡೆ ಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ, ಆದ್ದರಿಂದ ಅಪ್ಪ ಅಮ್ಮನಿಗೆ ಅದು ಬಂದದ್ದೇ ಗೊತ್ತಾಗುವುದಿಲ್ಲ, ಗೊತ್ತಾದರೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಆದರೆ ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಮೇಲೆ ಆಳವಾದ ಗೀರುಗಳಿರುವುದರಿಂದ ಬೇಗ ಹುಳುಕಾಗುವುದೂ ಅದೇ. ಬಂದ ಹೊಸದರಲ್ಲಿ ಆ ಗೀರುಗಳಿಗೆ ಸೀಲೆಂಟ್ ಅಂತ ಒಂದು ಲೇಪ ಹಾಕಿಸಬಹುದು. ಸೂಜಿ ಇಲ್ಲ, ಕೊರೆಯುವುದಿಲ್ಲ, ನೋವಿಲ್ಲ.

ಸಾಯದವರ ಪಾಡು

ಒಂದು ಮಾತು ನೇರವಾಗಿ ಹೇಳಬೇಕು. ಹಲ್ಲಿನ ಸೋಂಕು ಮಿದುಳಿಗೆ ಹೋಗಿ ಸಾಯುವುದು ತೀರಾ ಅಪರೂಪ. ನಿಮ್ಮ ಮಗುವಿಗೆ ಹುಳುಕು ಹಲ್ಲಿದ್ದರೆ ಇವತ್ತು ರಾತ್ರಿ ನಿದ್ದೆ ಬಿಡಬೇಕಾಗಿಲ್ಲ, ಈ ವಾರ ಡಾಕ್ಟರ ಹತ್ತಿರ ಹೋದರೆ ಸಾಕು. ಡಿಮಾಂಟೆಯ ಕಥೆಯನ್ನು ಬರೀ ಹೆದರಿಸುವುದಕ್ಕೆ ಹೇಳುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಈ ಪ್ರಕರಣದಲ್ಲಿ ಹೆಚ್ಚು ಜನರಿಗೆ ಹೊಂದುವವನು ಬದುಕುಳಿದ ಹುಡುಗ ಡಾಶಾನ್.

ಹಲ್ಲು ನೋವಿರುವ ಮಗು ಒಂದು ಕಡೆಯಿಂದಲೇ ಅಗಿಯುತ್ತದೆ. ಗಟ್ಟಿ ತಿಂಡಿ ಬಿಡುತ್ತದೆ. ರಾತ್ರಿ ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚಿ ನೋವು ಏರುತ್ತದೆ, ನಿದ್ದೆ ಇಲ್ಲ. ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಕೆ, ಸಿಡಿಮಿಡಿ, ಪಕ್ಕದವನ ಜೊತೆ ಜಗಳ. ಟೀಚರಿಗೆ ಅದು ಗಲಾಟೆ ಹುಡುಗ, ಓದಿನಲ್ಲಿ ಹಿಂದೆ. ಹಲ್ಲು ಅಂತ ಯಾರಿಗೆ ಹೊಳೆಯುತ್ತದೆ? ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯ, ಆಗಿದ್ದ ಡೇವಿಡ್ ಸ್ಯಾಚರ್ 2000ದಲ್ಲಿ ಹೊರತಂದ ಬಾಯಿ ಆರೋಗ್ಯದ ವರದಿಯಲ್ಲಿ ಒಂದು ಅಂಕಿ ಇದೆ: ಹಲ್ಲಿನ ತೊಂದರೆಯಿಂದ ಅಲ್ಲಿನ ಮಕ್ಕಳು ವರ್ಷಕ್ಕೆ 5.1 ಕೋಟಿ ಗಂಟೆಗಳ ಶಾಲೆ ತಪ್ಪಿಸಿಕೊಳ್ಳುತ್ತಾರೆ. ಡಿಮಾಂಟೆ ಸಾಯುವ ಏಳು ವರ್ಷ ಮೊದಲೇ ಆ ವರದಿ ಇದನ್ನು ಸದ್ದಿಲ್ಲದ ಪಿಡುಗು ಅಂತ ಕರೆದಿತ್ತು.

ದೊಡ್ಡವರಲ್ಲಿ ಇದು ಬೇರೆ ರೂಪದಲ್ಲಿ ಬರುತ್ತದೆ, ವಸಡಿನ ಕಾಯಿಲೆಯಾಗಿ. ನಮ್ಮ ಕಡೆ ಶುಗರ್ ಇರುವವರು ಮನೆಗೊಬ್ಬರು, ಹಾಗಾಗಿ ಇದನ್ನಂತೂ ಹೇಳಲೇಬೇಕು. ಶುಗರ್ ಜಾಸ್ತಿ ಇದ್ದರೆ ವಸಡು ಬೇಗ ಹಾಳಾಗುತ್ತದೆ, ಇದು ಗೊತ್ತಿರುವ ಸಂಗತಿ. ಉಲ್ಟಾ ಕೂಡ ನಿಜ. ವಸಡಿನಲ್ಲಿ ಸದಾ ಸೋಂಕು ಇದ್ದರೆ ದೇಹದಲ್ಲಿ ಉರಿಯೂತ ಇದ್ದೇ ಇರುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ಶುಗರ್ ಹತೋಟಿಗೆ ಬರಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2022ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ವಸಡಿನ ಆಳದ ತನಕ ಶುಚಿ ಮಾಡಿಸಿದ ಶುಗರ್ ರೋಗಿಗಳಲ್ಲಿ ಮೂರ್ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆಯ ಶೇಕಡಾ ಅಂಕಿ) ಸರಾಸರಿ 0.4ರಷ್ಟು ಇಳಿಯಿತು. ಸಣ್ಣ ಅಂಕಿ ಅನ್ನಿಸಬಹುದು. ಶುಗರ್‌ಗೆ ಎರಡನೇ ಮಾತ್ರೆ ಶುರುಮಾಡಿಸಿಕೊಂಡವರನ್ನು ಕೇಳಿ. ಹಲ್ಲು ಉಜ್ಜುವಾಗ ರಕ್ತ ಬರುತ್ತಾ ಅಂತ ನಿಮ್ಮ ಶುಗರ್ ಡಾಕ್ಟರ್ ಯಾವತ್ತಾದರೂ ಕೇಳಿದ್ದಾರಾ? ನಿಮ್ಮ ಶುಗರ್ ಎಷ್ಟಿದೆ ಅಂತ ಹಲ್ಲಿನ ಡಾಕ್ಟರ್ ಕೇಳುತ್ತಾರೆ, ಕೀಳುವ ಮುಂಚೆಯಾದರೂ. ಆ ಕಡೆಯವರು ಈ ಕಡೆ ನೋಡುವುದು ಮಾತ್ರ ಕಡಿಮೆ.

ಇನ್ನು ಹಲ್ಲೆಲ್ಲ ಬಿದ್ದ ವಯಸ್ಸಾದವರು. ರಾಗಿ ರೊಟ್ಟಿ ಹೋಯಿತು, ಕಾಳು ಹೋಯಿತು, ಹಣ್ಣು ಹೋಯಿತು. ಉಳಿದದ್ದು ಮೆತ್ತಗಿನ ಅನ್ನ, ಗಂಜಿ, ಕಾಫಿಯಲ್ಲಿ ಅದ್ದಿದ ಬಿಸ್ಕತ್ತು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರಲು ನಾಚಿಕೆ. ಮಾತಾಡಿದರೆ ಗಾಳಿ ಹೋಗುತ್ತದೆ ಅಂತ ಮಾತೇ ಕಡಿಮೆ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕಟ್ಟಿಕೊಡುವ ದಂತಭಾಗ್ಯ ಯೋಜನೆ ಬಂದದ್ದು ಒಳ್ಳೆಯ ಕೆಲಸ ಅಂತಲೇ ನಾನು ಹೇಳುತ್ತೇನೆ. ಭಾಗ್ಯಗಳ ಬಗ್ಗೆ ಜೋಕ್ ಮಾಡುವವರಿಗೆ ಬಾಯಲ್ಲಿ ಹಲ್ಲಿರುತ್ತದೆ.

ಮೇರಿಲ್ಯಾಂಡಿನಲ್ಲಿ ಆಮೇಲೆ ಏನಾಯಿತು

ಸಾವಾದ ವರ್ಷವೇ ರಾಜ್ಯ ಒಂದು ಸಮಿತಿ ಮಾಡಿತು. ಸಮಿತಿ ಅಂದರೆ ನಮಗೆಲ್ಲ ಗೊತ್ತಿರುವ ಅರ್ಥ ಒಂದೇ, ಆದರೆ ಇವರು ಕೆಲಸ ಮಾಡಿದರು. ದಂತವೈದ್ಯರಿಗೆ ಮೆಡಿಕೇಡ್ ಕೊಡುವ ದರ ಏರಿಸಿದರು. ಹಲವು ವಿಮಾ ಕಂಪನಿಗಳ ಬದಲು ಇಡೀ ರಾಜ್ಯಕ್ಕೆ ಹಲ್ಲಿನ ವಿಷಯದಲ್ಲಿ ಒಂದೇ ಆಡಳಿತ ಮಾಡಿದರು, ಡಾಕ್ಟರಿಗೂ ತಾಯಂದಿರಿಗೂ ಫಾರಂ ಗೊಂದಲ ಇಳಿಯಿತು. ಮಕ್ಕಳ ಡಾಕ್ಟರುಗಳೇ ಲಸಿಕೆಗೆ ಬಂದ ಮಗುವಿನ ಹಲ್ಲಿಗೆ ಹುಳುಕು ತಡೆಯುವ ಫ್ಲೋರೈಡ್ ವಾರ್ನಿಶ್ ಎಂಬ ಲೇಪ ಹಚ್ಚಬಹುದು, ಅದಕ್ಕೂ ದುಡ್ಡು ಕೊಡುತ್ತೇವೆ ಅಂದರು. ನನ್ನ ಪ್ರಕಾರ ಇದು ಎಲ್ಲಕ್ಕಿಂತ ಜಾಣ ಹೆಜ್ಜೆ. ಮಗುವನ್ನು ಹಲ್ಲಿನ ಡಾಕ್ಟರ ಹತ್ತಿರ ಕಳಿಸುವುದು ಕಷ್ಟವಾದರೆ, ಮಗು ಹೇಗೂ ಹೋಗುವ ಜಾಗಕ್ಕೆ ಹಲ್ಲಿನ ಕೆಲಸವನ್ನೇ ತಂದುಬಿಡುವುದು. ನಮ್ಮ ಅಂಗನವಾಡಿಗಳನ್ನು ನೋಡಿದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ ರಾಬರ್ಟ್ ಟಿ. ಫ್ರೀಮನ್ ಡೆಂಟಲ್ ಸೊಸೈಟಿಯ ಕಪ್ಪು ದಂತವೈದ್ಯರು ಸೇರಿ ಡಿಮಾಂಟೆಯ ಹೆಸರಿನಲ್ಲೇ ಒಂದು ಯೋಜನೆ ಶುರುಮಾಡಿದರು. ಅವನ ಹೆಸರು ಹೊತ್ತ ಸಂಚಾರಿ ಕ್ಲಿನಿಕ್ ಶಾಲೆಗಳಿಗೆ ಹೋಗುತ್ತಿತ್ತು. ದೇಶದ ಮಟ್ಟದಲ್ಲಿ, 2009ರ ಫೆಬ್ರವರಿಯಲ್ಲಿ ಒಬಾಮ ಸಹಿ ಹಾಕಿದ ಮಕ್ಕಳ ವಿಮಾ ಕಾನೂನು ಹಲ್ಲಿನ ಚಿಕಿತ್ಸೆಯನ್ನು ಕಡ್ಡಾಯ ಮಾಡಿತು. 2011ರಲ್ಲಿ ಪ್ಯೂ ಸಂಸ್ಥೆ ಮಕ್ಕಳ ಹಲ್ಲಿನ ಆರೋಗ್ಯದ ವಿಷಯದಲ್ಲಿ ರಾಜ್ಯಗಳಿಗೆ ಗ್ರೇಡ್ ಕೊಟ್ಟಾಗ, 8 ಮಾನದಂಡಗಳಲ್ಲಿ 7ನ್ನು ಮುಟ್ಟಿ ಮೇರಿಲ್ಯಾಂಡ್ ಎಲ್ಲರಿಗಿಂತ ಮುಂದಿತ್ತು.

ಇದೆಲ್ಲ ಮಕ್ಕಳಿಗೆ. ಆಲಿಸ್ ಡ್ರೈವರ್ ಅವರಂಥ ದೊಡ್ಡವರಿಗೆ ಹಲ್ಲಿನ ಚಿಕಿತ್ಸೆ ಕೊಡುವುದೋ ಬಿಡುವುದೋ ಆಯಾ ರಾಜ್ಯದ ಇಷ್ಟ ಅನ್ನುವ ಮೆಡಿಕೇಡ್ ನಿಯಮ ಬದಲಾಗಲಿಲ್ಲ. ಮೇರಿಲ್ಯಾಂಡ್ ತನ್ನ ಬಡ ವಯಸ್ಕರೆಲ್ಲರಿಗೂ ಅದನ್ನು ಕೊಡಲು ಶುರುಮಾಡಿದ್ದು 2023ರ ಜನವರಿ 1ರಿಂದ.